ಬೆಳೆಯ ನಷ್ಟವೂ ಗಣಕದ ದಾಖಲೆಗಳೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿರತಕ್ಕದ್ದು. ಈ ಸೀಮೆಯು ಮಲೆನಾಡಿನ ಬೆಟ್ಟಗಳ ಮಳೆನೆರಳಿನಲ್ಲಿರುವುದರಿಂದ, ಮುಂಗಾರಿನ ಮೋಡಗಳು ಇಲ್ಲಿಗೆ ತಲಪುವ ವೇಳೆಗೆ ಬರಿದಾಗಿರುವುದೇ ಹೆಚ್ಚು. ಬಂದ ಮಳೆಯೂ ವರ್ಷದಿಂದ ವರ್ಷಕ್ಕೆ ಒಂದೇ ಸಮನಾಗಿರುವುದಿಲ್ಲ. ಹಿರಿಯೂರಿನ ಬಳಿ ವೇದಾವತೀ ನದಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿದ ವಾಣೀವಿಲಾಸ ಸಾಗರವೇ ಇದಕ್ಕೆ ಸಾಕ್ಷಿ. ಅದು 1933ರಲ್ಲಿ ಒಮ್ಮೆ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದುದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಅದರ ಮರುವರ್ಷವೇ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರದವರು ಸಾರಬೇಕಾಯಿತು. ಒಂದು ವರ್ಷ ಕೆರೆಗಳು ಒಡೆದಾವೆಂಬ ಭಯ, ಮರುವರ್ಷ ಬಿತ್ತಿದ ಬೀಜವೂ ಕೈಗೆ ಬಾರದೆಂಬ ಭಯ. ಇದೇ ಇಲ್ಲಿಯ ರೈತನ ಪಾಡು.

ಮಳೆಯನ್ನು ಆಳುವ ಶಕ್ತಿ ಯಾರಿಗೂ ಇಲ್ಲ. ಆದರೆ ಮಳೆಯಿಂದಾದ ನಷ್ಟವು ಒಬ್ಬನ ಹೆಗಲ ಮೇಲೆಯೇ ಬೀಳದಂತೆ ಅನೇಕರಲ್ಲಿ ಹಂಚುವ ಶಕ್ತಿಯು ಸಮಾಜಕ್ಕುಂಟು. ಈಗಿನ ಕಾಲದಲ್ಲಿ ಈ ಹಂಚಿಕೆಯು ಗಣಕಯಂತ್ರದ ದಾಖಲೆಗಳ ಮೂಲಕ ನಡೆಯುತ್ತದೆ. ಹೊಲದಲ್ಲಿರುವುದು ದಾಖಲೆಯಲ್ಲಿಯೂ ಇದ್ದರೆ ನಷ್ಟದ ಒಂದು ಪಾಲು ಹಂಚಿಹೋಗುವುದು. ಹೊಲವೊಂದು, ದಾಖಲೆಯೊಂದು ಆದರೆ ಪೂರಾ ಭಾರವೂ ರೈತನ ಮೇಲೆಯೇ ಉಳಿಯುವುದು. ಆದ ಪ್ರಯುಕ್ತ ಈ ದಾಖಲೆಗಳು ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ, ಎಲ್ಲಿ ತಪ್ಪುತ್ತವೆ, ತಪ್ಪದಂತೆ ನೋಡಿಕೊಳ್ಳಲು ಗ್ರಾಮದ ಯಜಮಾನರೂ ಹಿಡುವಳಿದಾರರೂ ಮಾಡತಕ್ಕದ್ದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಿಂದಿನ ಕಾಲದ ಏರ್ಪಾಡುಗಳು

ನಷ್ಟಕ್ಕೆ ಮುಂಚಿತವಾಗಿಯೇ ಸಿದ್ಧವಾಗಿರಬೇಕೆಂಬ ತಿಳಿವಳಿಕೆಯು ಈ ಸೀಮೆಯ ರೈತರಿಗೆ ಹೊಸದಲ್ಲ. ಬೆಳೆ ಚೆನ್ನಾಗಿ ಬಂದ ವರ್ಷದಲ್ಲಿ ರಾಗಿಯನ್ನೂ ಜೋಳವನ್ನೂ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚಿ, ಮಳೆ ಹೋದ ವರ್ಷದಲ್ಲಿ ತೆಗೆದು ಉಣ್ಣುತ್ತಿದ್ದರು. ಶೇಂಗಾ ಹೊಲದಲ್ಲಿ ತೊಗರಿಯ ಅಕ್ಕಡಿ ಸಾಲು ಹಾಕುವುದು, ಒಂದು ತುಂಡು ನೆಲದಲ್ಲಿ ಸಾವೆಯನ್ನೋ ನವಣೆಯನ್ನೋ ಹುರುಳಿಯನ್ನೋ ಬಿತ್ತುವುದು, ಇವೆಲ್ಲವೂ ಒಂದು ಬೆಳೆ ಹೋದರೆ ಇನ್ನೊಂದಾದರೂ ಉಳಿಯಲಿ ಎಂಬ ಲೆಕ್ಕಾಚಾರವೇ ಆಗಿವೆ.

ಆದರೆ ಈ ಉಪಾಯಗಳ ಬಲವು ಒಂದು ಮನೆಗೆ, ಹೆಚ್ಚೆಂದರೆ ಒಂದು ಊರಿಗೆ ಮಿತವಾದುದು. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಸೀಮೆಗೆ ಸೀಮೆಯೇ ಬರಡಾದಾಗ ಹಗೇವುಗಳೂ ಬರಿದಾದವು. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಒಂದೇ ಕಾಲದಲ್ಲಿ ಎಲ್ಲರಿಗೂ ಬರುವ ನಷ್ಟವನ್ನು ನೆರೆಹೊರೆಯವರು ಹಂಚಿಕೊಳ್ಳಲಾರರು. ಅದನ್ನು ಬೇರೆ ಹವೆಯ ದೂರದ ಸೀಮೆಗಳೊಡನೆಯೂ ಒಳ್ಳೆಯ ವರ್ಷಗಳೊಡನೆಯೂ ಹಂಚಿಕೊಳ್ಳಬೇಕು ಎಂಬುದೇ ಆ ಕ್ಷಾಮವು ಕಲಿಸಿದ ಪಾಠ.

ಈ ಪಾಠವನ್ನು ಲೆಕ್ಕಕ್ಕೆ ಇಳಿಸಿದವರು ಮೈಸೂರು ಸಂಸ್ಥಾನದ ಅಧಿಕಾರಿಗಳಾಗಿದ್ದ ಜೆ. ಎಸ್. ಚಕ್ರವರ್ತಿಯವರು. ಪ್ರತಿಯೊಬ್ಬ ರೈತನ ಹೊಲದ ನಷ್ಟವನ್ನು ಬೇರೆ ಬೇರೆಯಾಗಿ ಅಳೆಯಹೊರಟರೆ ವಿಮೆಯೇ ನಡೆಯದೆಂದೂ, ಒಂದೊಂದು ಪ್ರದೇಶದ ಮಳೆಯನ್ನು ಅಳೆದು ಅದರ ಮೇಲೆ ವಿಮೆಯನ್ನು ನಿಲ್ಲಿಸಬೇಕೆಂದೂ ಅವರು 1920ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಪ್ರತಿಪಾದಿಸಿದರು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಬೆಳೆವಿಮೆಯ ಶಾಸನವಾದದ್ದು 1938ರಲ್ಲಿ ಎಂಬುದನ್ನು ನೆನೆದರೆ, ಮೈಸೂರಿನಲ್ಲಿ ಹುಟ್ಟಿದ ಈ ಯೋಚನೆಯು ಎಷ್ಟು ಮುಂದಾಗಿತ್ತೆಂಬುದು ಗೊತ್ತಾಗುವುದು. ಆದರೆ ಊರೂರಿನ ಮಳೆಯನ್ನು ಅಳೆದು ದಿನದಿನವೂ ಒಂದೆಡೆಗೆ ತರುವ ಸಾಧನವು ಆಗ ಇರಲಿಲ್ಲ. ಹವಾಮಾನವನ್ನು ಆಧರಿಸಿದ ವಿಮೆಯು 2007ರ ಮುಂಗಾರಿನಲ್ಲಿ ಪ್ರಯೋಗಕ್ಕೆ ಬಂದಾಗ ಅದಕ್ಕೆ ಕರ್ನಾಟಕವನ್ನೇ ಆರಿಸಿಕೊಳ್ಳಲಾಯಿತು.

ದಾಖಲೆಗಳ ಸರಪಳಿ

ಈಗ ಬರ ಪರಿಹಾರಕ್ಕೂ ವಿಮೆಗೂ ಆಧಾರವಾಗಿರುವ ದಾಖಲೆಗಳು ಒಂದು ಸರಪಳಿಯ ಕೊಂಡಿಗಳಂತೆ ಇರುತ್ತವೆ.

ಮೊದಲನೆಯದು ಪಹಣಿ. ಪಟೇಲ, ಶಾನುಭೋಗರ ವಂಶಪಾರಂಪರ್ಯದ ಅಧಿಕಾರವು 1961ರ ಕಾಯಿದೆಯ ಪ್ರಕಾರ ರದ್ದಾದ ಮೇಲೂ ಪಹಣಿಯು ಕೈಬರಹದ ಪುಸ್ತಕವಾಗಿಯೇ ಉಳಿದಿತ್ತು. ಸುಮಾರು 2000ದ ವೇಳೆಗೆ ಕಂದಾಯ ಇಲಾಖೆಯವರು ‘ಭೂಮಿ’ ಎಂಬ ಯೋಜನೆಯಿಂದ 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದರು. ಈ ನೆಲ ಯಾರದು ಎಂಬ ಪ್ರಶ್ನೆಗೆ ಉತ್ತರವು ಇಲ್ಲಿರುತ್ತದೆ.

ಎರಡನೆಯದು ‘ಫ್ರೂಟ್ಸ್’ ಎಂಬ ರೈತರ ನೋಂದಣಿ. ಇದರಲ್ಲಿ ಪ್ರತಿಯೊಬ್ಬ ರೈತನಿಗೂ ಎಫ್.ಐ.ಡಿ. ಎಂಬ ಒಂದು ಗುರುತಿನ ಸಂಖ್ಯೆ ದೊರೆಯುತ್ತದೆ. ಆತನ ಆಧಾರ್, ಬ್ಯಾಂಕು ಖಾತೆ ಮತ್ತು ಆತನ ಸರ್ವೇ ನಂಬರುಗಳು ಆ ಒಂದು ಸಂಖ್ಯೆಯ ಕೆಳಗೆ ಸೇರುತ್ತವೆ. ಹಣವು ಯಾರಿಗೆ, ಯಾವ ಖಾತೆಗೆ ಹೋಗಬೇಕೆಂಬುದು ಇದರಿಂದ ತಿಳಿಯುತ್ತದೆ.

ಮೂರನೆಯದು ಬೆಳೆ ಸಮೀಕ್ಷೆ. ಹಂಗಾಮಿನಲ್ಲಿ ಹೊಲಕ್ಕೆ ಹೋಗಿ ಅಲ್ಲಿರುವ ಬೆಳೆಯ ಚಿತ್ರವನ್ನು ಮೊಬೈಲು ಫೋನಿನಲ್ಲಿ ತೆಗೆದು, ಸರ್ವೇ ನಂಬರಿನೊಡನೆ ಕಳುಹಿಸುವ ಏರ್ಪಾಡು ಇದು. ರೈತನು ತಾನೇ ತನ್ನ ಬೆಳೆಯನ್ನು ದಾಖಲಿಸಲು 2020ರ ಮುಂಗಾರಿನಿಂದ ಅವಕಾಶವಾಗಿದೆ. ರೈತನಿಂದ ಆಗದಿದ್ದಲ್ಲಿ ಗೊತ್ತುಮಾಡಿದ ಸ್ಥಳೀಯರು ದಾಖಲಿಸುತ್ತಾರೆ. ಈ ವಿವರವೇ ಪಹಣಿಯ ಬೆಳೆಯ ಕಾಲಂಗೂ ಸೇರುತ್ತದೆ.

ನಾಲ್ಕನೆಯದು ವಿಮೆಯ ನೋಂದಣಿ. 2016ರ ಮುಂಗಾರಿನಿಂದ ದೇಶದಲ್ಲಿ ಫಸಲ್ ಬಿಮಾ ಯೋಜನೆಯು ಜಾರಿಗೆ ಬಂದಾಗ, ಕರ್ನಾಟಕದವರು ‘ಸಂರಕ್ಷಣೆ’ ಎಂಬ ಗಣಕ ವ್ಯವಸ್ಥೆಯನ್ನು ತಾವೇ ರಚಿಸಿ ಅದನ್ನು ಪಹಣಿಯೊಡನೆ ಜೋಡಿಸಿದರು. ಇರುವುದಕ್ಕಿಂತ ಹೆಚ್ಚು ನೆಲವನ್ನು ತೋರಿಸುವುದಾಗಲಿ, ಒಂದೇ ನೆಲವನ್ನು ಎರಡು ಸಲ ವಿಮೆಗೆ ಒಳಪಡಿಸುವುದಾಗಲಿ ಇದರಿಂದ ಕಷ್ಟವಾಯಿತು.

ಐದನೆಯದು ಮಳೆಯ ಅಳತೆ. ರಾಜ್ಯದಲ್ಲಿ 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾಗಿ, ಈಗ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆಯವರು ಗ್ರಾಮ ಪಂಚಾಯತಿಗಳಲ್ಲಿ ತಾವಾಗಿಯೇ ವರದಿ ಕಳುಹಿಸುವ ಮಳೆಮಾಪಕಗಳನ್ನು ಇರಿಸಿದ್ದಾರೆ. ಐಮಂಗಲ, ಧರ್ಮಪುರ, ಮತ್ತೋಡು, ತಾಳ್ಯ, ತುರುವನೂರು ಮುಂತಾದ ಹೋಬಳಿಗಳಲ್ಲಿ ಒಂದೇ ದಿನ ಬಿದ್ದ ಮಳೆಯ ವ್ಯತ್ಯಾಸವು ಈಗ ಲೆಕ್ಕಕ್ಕೆ ಸಿಕ್ಕುತ್ತದೆ. ಹಿಂದೆ ಹೊಲದ ಬದುವಿನಲ್ಲಿ ನಿಂತು, ಬೆಳೆಯು ಹದಿನಾರಾಣೆಗೆ ಎಷ್ಟಾಣೆ ಬಂದಿದೆಯೆಂದು ಕಣ್ಣಂದಾಜಿನಿಂದ ಆಣೆವಾರಿ ಬರೆಯುತ್ತಿದ್ದರು. 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಮಳೆಯ ಕೊರತೆ, ಮಳೆಯಿಲ್ಲದೆ ಸತತವಾಗಿ ಕಳೆದ ವಾರಗಳು, ಉಪಗ್ರಹದಿಂದ ಕಂಡ ಹಸಿರು, ನೆಲದ ತೇವ, ಇವುಗಳನ್ನು ನೋಡಿ, ಆಮೇಲೆ ಹೊಲಗಳಲ್ಲಿ ಪರೀಕ್ಷಿಸಿ ಬರವನ್ನು ನಿರ್ಧರಿಸಬೇಕಾಗಿದೆ.

ವಿಮೆಯ ಲೆಕ್ಕ

ವಿಮೆಯ ಹಣವನ್ನು ಲೆಕ್ಕ ಮಾಡುವ ಬಗೆಯು ಅನೇಕರಿಗೆ ತಿಳಿಯದುದರಿಂದ ವ್ಯರ್ಥವಾದ ಅಸಮಾಧಾನಕ್ಕೆ ಕಾರಣವಾಗಿದೆ. ಮುಂಗಾರಿನ ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ರೈತನು ಕೊಡತಕ್ಕ ಕಂತು ವಿಮಾ ಮೊತ್ತದ ನೂರಕ್ಕೆ 2ರಷ್ಟು. ಹಿಂಗಾರಿಗೆ ನೂರಕ್ಕೆ ಒಂದೂವರೆ. ವಾಣಿಜ್ಯ ಮತ್ತು ತೋಟಗಾರಿಕೆಯ ಬೆಳೆಗಳಿಗೆ ನೂರಕ್ಕೆ 5. ಅದಕ್ಕಿಂತ ಮೇಲ್ಪಟ್ಟ ಕಂತನ್ನು ಸರ್ಕಾರಗಳು ತುಂಬುತ್ತವೆ.

ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿಯೂ, ಕಡಿಮೆ ವಿಸ್ತೀರ್ಣದ ಬೆಳೆಗಳಿಗೆ ಹೋಬಳಿಯೂ ವಿಮೆಯ ಘಟಕವಾಗಿರುತ್ತದೆ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿ ಇಳುವರಿಯನ್ನು ತೆಗೆದುಕೊಂಡು, ಗೊತ್ತುಪಡಿಸಿದ ಪ್ರಮಾಣದಲ್ಲಿ ಅದನ್ನು ತಗ್ಗಿಸಿ ‘ಪ್ರಾರಂಭಿಕ ಇಳುವರಿ’ಯನ್ನು ನಿಶ್ಚಯಿಸುತ್ತಾರೆ. ಈ ವರ್ಷದ ಇಳುವರಿಯನ್ನು ಬೆಳೆ ಕಟಾವು ಪ್ರಯೋಗಗಳಿಂದ ತಿಳಿಯುತ್ತಾರೆ. ಒಂದು ಪಂಚಾಯತಿಯಲ್ಲಿ ಒಂದು ಬೆಳೆಗೆ ನಾಲ್ಕು ಪ್ರಯೋಗಗಳು ನಡೆಯತಕ್ಕದ್ದು. ಬಹುತೇಕ ಬೆಳೆಗಳಿಗೆ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕನ್ನು ಗುರುತಿಸಿ, ಕೊಯ್ದು, ತೂಕ ಮಾಡುತ್ತಾರೆ.

ಉದಾಹರಣೆಗಾಗಿ, ಒಂದು ಪಂಚಾಯತಿಯಲ್ಲಿ ಶೇಂಗಾದ ಪ್ರಾರಂಭಿಕ ಇಳುವರಿ ಹೆಕ್ಟೇರಿಗೆ 800 ಕಿಲೋ ಎಂದೂ, ವಿಮಾ ಮೊತ್ತ ಹೆಕ್ಟೇರಿಗೆ 50,000 ರೂಪಾಯಿ ಎಂದೂ ಇಟ್ಟುಕೊಳ್ಳೋಣ. ರೈತನು ಕಟ್ಟಿದ ಕಂತು 1,000 ರೂಪಾಯಿ. ಪ್ರಯೋಗಗಳಲ್ಲಿ ಸರಾಸರಿ 600 ಕಿಲೋ ಬಂದರೆ ಕೊರತೆಯು 200 ಕಿಲೋ, ಅಂದರೆ ನಾಲ್ಕನೆಯ ಒಂದು ಪಾಲು; ದೊರೆಯುವ ಪರಿಹಾರ 12,500 ರೂಪಾಯಿ. ಸರಾಸರಿಯು 800 ಕಿಲೋ ಅಥವಾ ಅದಕ್ಕೂ ಮೇಲಾದರೆ ಏನೂ ಇಲ್ಲ.

ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಒಂದನೆಯದು, ಪಂಚಾಯತಿಯ ಸರಾಸರಿಯು ಚೆನ್ನಾಗಿದ್ದು ಒಬ್ಬನ ಹೊಲ ಮಾತ್ರ ಒಣಗಿದರೆ ಆತನಿಗೆ ಈ ಲೆಕ್ಕದಲ್ಲಿ ಪರಿಹಾರ ಬರುವುದಿಲ್ಲ. ಇದು ಪ್ರದೇಶವನ್ನು ಆಧರಿಸಿದ ವಿಮೆಯ ಒಂದು ನಿಜವಾದ ಕೊರತೆ; ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಎರಡನೆಯದು, ಕಟಾವು ಪ್ರಯೋಗದ ಕಾಲದಲ್ಲಿ ಬೇಕೆಂದೇ ಕಳಪೆ ತಾಕನ್ನು ತೋರಿಸಿ ಇಳುವರಿಯನ್ನು ಕಡಿಮೆ ಬರೆಸುವುದು ಊರಿಗೆ ಉಪಕಾರವೆಂದು ಕೆಲವರು ಭಾವಿಸುವುದುಂಟು. ಇಂದು ತಗ್ಗಿಸಿ ಬರೆಸಿದ ಇಳುವರಿಯೇ ಮುಂದಿನ ವರ್ಷಗಳ ಸರಾಸರಿಗೆ ಸೇರುತ್ತದೆ. ವರ್ಷ ವರ್ಷವೂ ಹೀಗೆ ಮಾಡಿದರೆ ಪ್ರಾರಂಭಿಕ ಇಳುವರಿಯೇ ಕುಗ್ಗಿ, ನಿಜವಾದ ಬರ ಬಂದ ವರ್ಷದಲ್ಲಿ ಕೊರತೆಯೇ ಕಾಣದೆ ಹೋಗುವುದು. ಸುಳ್ಳು ತೂಕದ ದಂಡವನ್ನು ಊರೇ ತೆರಬೇಕಾಗುತ್ತದೆ.

ಒಂಟಿ ಹೊಲದ ನಷ್ಟಕ್ಕೆ ಯೋಜನೆಯಲ್ಲಿ ಕೆಲವು ಬಾಗಿಲುಗಳು ತೆರೆದಿವೆ. ಆಲಿಕಲ್ಲು, ಮೇಘಸ್ಫೋಟ, ಹೊಲ ಮುಳುಗಡೆ, ಸಿಡಿಲಿನ ಬೆಂಕಿ ಇವುಗಳಿಂದಾದ ನಷ್ಟವನ್ನು 72 ಗಂಟೆಗಳೊಳಗೆ ತಿಳಿಸಿದರೆ, ಆ ಹೊಲವನ್ನೇ ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆ. ಕೊಯ್ದು ಹೊಲದಲ್ಲಿಯೇ ಒಣಗಲು ಹರಡಿದ ಬೆಳೆಗೆ 14 ದಿನಗಳವರೆಗೆ ಅಕಾಲ ಮಳೆಯಿಂದ ಹಾನಿಯಾದರೆ ಅದಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. 2021ರ ನವೆಂಬರಿನ ಅಕಾಲ ಮಳೆಯಲ್ಲಿ ಕೊಯ್ದ ರಾಗಿಯು ಹೊಲದಲ್ಲಿಯೇ ಮೊಳೆತುದನ್ನು ಕಂಡವರಿಗೆ ಈ ಅಂಶದ ಬೆಲೆ ತಿಳಿಯದೆ ಇರದು. ಇನ್ನು ಮಳೆಯಿಲ್ಲದೆ ಘಟಕದ ಮುಕ್ಕಾಲು ಪಾಲಿಗೂ ಹೆಚ್ಚು ನೆಲದಲ್ಲಿ ಬಿತ್ತನೆಯೇ ಆಗದಿದ್ದರೆ, ವಿಮಾ ಮೊತ್ತದ ಕಾಲು ಪಾಲನ್ನು ಕೊಟ್ಟು ಆ ಹಂಗಾಮಿನ ವಿಮೆಯನ್ನು ಮುಗಿಸುತ್ತಾರೆ.

ಸರಪಳಿಯು ತುಂಡಾಗುವ ಸ್ಥಳಗಳು

ದಾಖಲೆಯು ತಪ್ಪಿದರೆ ಗಣಕಯಂತ್ರಕ್ಕೆ ದಯೆಯೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಹಿಂದಿನ ಅಧಿಕಾರಿಯು ಹೊಲಕ್ಕೆ ಬಂದು ನೋಡಿದಾಗ ತಿದ್ದಬಹುದಾಗಿದ್ದ ತಪ್ಪು, ಈಗ ಅರ್ಜಿಯನ್ನೇ ಹಿಂದಕ್ಕೆ ತಳ್ಳುತ್ತದೆ. ಸಾಮಾನ್ಯವಾಗಿ ಕಂಡುಬರುವ ತಪ್ಪುಗಳು ಇವು.

ಮೊದಲನೆಯದಾಗಿ, ಖಾತೆಯು ತೀರಿಹೋದವರ ಹೆಸರಿನಲ್ಲಿಯೇ ಇರುವುದು. ತಾತನ ಹೆಸರಿನ ಪಹಣಿಯ ಮೇಲೆ ಮೂವರು ಮೊಮ್ಮಕ್ಕಳು ಒಪ್ಪಂದದಿಂದ ಬೇಸಾಯ ಮಾಡುತ್ತಿರಬಹುದು. ಆದರೆ ತಾತನಿಗೆ ಆಧಾರ್ ಇಲ್ಲ, ಎಫ್.ಐ.ಡಿ. ಇಲ್ಲ. ಹಣ ಬರುವ ದಾರಿಯೇ ಅಲ್ಲಿ ಮುಚ್ಚಿಹೋಗುತ್ತದೆ. ಪೌತಿ ಖಾತೆಯ ಬದಲಾವಣೆಯನ್ನು ಬರ ಬಂದ ಮೇಲೆ ಆರಂಭಿಸಿದರೆ ಪ್ರಯೋಜನವಿಲ್ಲ.

ಎರಡನೆಯದಾಗಿ, ಎಫ್.ಐ.ಡಿ. ಇದ್ದರೂ ಎಲ್ಲ ಸರ್ವೇ ನಂಬರುಗಳನ್ನೂ ಅದಕ್ಕೆ ಸೇರಿಸದೆ ಇರುವುದು. 2023ರ ಬರಕ್ಕೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿಯಂತೆ, ಎರಡು ಹೆಕ್ಟೇರಿನ ಮಿತಿಗೆ ಒಳಪಟ್ಟು ಪರಿಹಾರ ನಿಗದಿಯಾಗಿತ್ತು. ಈ ಹಣವನ್ನು ಫ್ರೂಟ್ಸ್ ನೋಂದಣಿಯ ಆಧಾರದ ಮೇಲೆಯೇ ಖಾತೆಗಳಿಗೆ ಕಳುಹಿಸಲಾಯಿತು. ನಾಲ್ಕು ಎಕರೆ ಇರುವವನು ಎರಡೇ ಎಕರೆಯನ್ನು ಸೇರಿಸಿದ್ದರೆ, ಉಳಿದ ಎರಡು ಎಕರೆಯ ಸುಮಾರು 6,880 ರೂಪಾಯಿಯನ್ನು ಆತನು ಬಿಟ್ಟಂತೆಯೇ.

ಮೂರನೆಯದಾಗಿ, ವಿಮೆಯಲ್ಲಿ ಬರೆಸಿದ ಬೆಳೆಯೂ ಸಮೀಕ್ಷೆಯಲ್ಲಿ ಕಂಡ ಬೆಳೆಯೂ ಬೇರೆಯಾಗುವುದು. ಇದೇ ಅತ್ಯಂತ ಹೆಚ್ಚಿನ ದುಃಖಕ್ಕೆ ಕಾರಣ. ರೈತನು ಶೇಂಗಾಕ್ಕೆ ಕಂತು ಕಟ್ಟಿರುತ್ತಾನೆ. ಪುಷ್ಯ, ಆಶ್ಲೇಷ ಮಳೆಗಳು ಹೋಗಿ ಶೇಂಗಾ ಒಣಗಿದಾಗ ಹೊಲವನ್ನು ಹರಗಿ ಹುರುಳಿ ಬಿತ್ತುತ್ತಾನೆ. ಸಮೀಕ್ಷೆಯ ಚಿತ್ರದಲ್ಲಿ ಹುರುಳಿ ಕಾಣುತ್ತದೆ. ಗಣಕದ ಲೆಕ್ಕಕ್ಕೆ ಆತನು ಶೇಂಗಾ ಬಿತ್ತಿಯೇ ಇಲ್ಲ. ಅಕ್ಕಡಿಯ ಹೊಲದಲ್ಲಿ ತೊಗರಿಯ ಸಾಲನ್ನು ಮಾತ್ರ ಬರೆದು ಶೇಂಗಾವನ್ನು ಬಿಟ್ಟರೂ ಇದೇ ಗತಿ. ಆದುದರಿಂದ ಮೊದಲ ಬೆಳೆಯು ಹೊಲದಲ್ಲಿರುವಾಗಲೇ ಅದರ ಸಮೀಕ್ಷೆ ಆಗಿದೆಯೇ ಎಂಬುದನ್ನು ನೋಡಿಕೊಂಡು, ಆಮೇಲೆ ಹೊಲ ಹರಗುವುದು ಯುಕ್ತ. ಮಿಶ್ರಬೆಳೆಗಳಲ್ಲಿ ಪ್ರತಿಯೊಂದನ್ನೂ ಅದರ ವಿಸ್ತೀರ್ಣದೊಡನೆ ಬರೆಸತಕ್ಕದ್ದು.

ನಾಲ್ಕನೆಯದಾಗಿ, ಬ್ಯಾಂಕು ಖಾತೆಯು ಆಧಾರ್‌ಗೆ ಜೋಡಣೆಯಾಗದಿರುವುದು, ಅಥವಾ ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇರುವುದು. ಮನೆಯಲ್ಲಿ ಕರೆಯುವ ಹೆಸರು ಪಹಣಿಗೆ ಸೇರಿ, ಶಾಲೆಯ ಹೆಸರು ಆಧಾರ್‌ಗೆ ಸೇರಿರುವುದು ಹಳ್ಳಿಗಳಲ್ಲಿ ಸಾಮಾನ್ಯ.

ಐದನೆಯದಾಗಿ, ಸಾಲಗಾರ ರೈತರು ಬ್ಯಾಂಕಿನವರೇ ಎಲ್ಲವನ್ನೂ ನೋಡಿಕೊಳ್ಳುವರೆಂದು ಸುಮ್ಮನಿರುವುದು. 2020ರ ಮುಂಗಾರಿನಿಂದ ಈ ವಿಮೆಯು ಸಾಲಗಾರರಿಗೂ ಐಚ್ಛಿಕವಾಗಿದೆ. ಬೇಡವೆನ್ನುವವರು ಕೊನೆಯ ದಿನಕ್ಕೆ ಏಳು ದಿನ ಮುಂಚಿತವಾಗಿ ಬರೆದು ಕೊಡಬೇಕು. ಬೇಕೆನ್ನುವವರು ತಮ್ಮ ಬೆಳೆಯ ಹೆಸರು ಸರಿಯಾಗಿ ಬಿದ್ದಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ನೋಡಬೇಕು. ಕಳೆದ ವರ್ಷದ ಬೆಳೆಯ ಹೆಸರೇ ಈ ವರ್ಷಕ್ಕೂ ಮುಂದುವರಿದಿದ್ದರೆ ಕಂತು ಕಟ್ಟಿಯೂ ಫಲವಿಲ್ಲ.

ದಾಖಲೆಯಲ್ಲಿಲ್ಲದ ಬೇಸಾಯಗಾರರು

ಇವೆಲ್ಲಕ್ಕಿಂತ ಭಾರವಾದ ವಿಷಯವೊಂದಿದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಪರರ ಹೊಲವನ್ನು ಕೋರಿಗೋ ಗುತ್ತಿಗೆಗೋ ಬಾಯಿಮಾತಿನ ಮೇಲೆ ಮಾಡುವವರಿದ್ದಾರೆ. ಬೀಜ, ಗೊಬ್ಬರ, ಎತ್ತಿನ ಬಾಡಿಗೆ, ಮೈದುಡಿಮೆ ಎಲ್ಲವೂ ಅವರದು. ಬೆಳೆ ಹೋದಾಗ ನಷ್ಟವೂ ಅವರದೇ. ಆದರೆ ಪಹಣಿಯಲ್ಲಿಯೂ ಎಫ್.ಐ.ಡಿ.ಯಲ್ಲಿಯೂ ಅವರ ಹೆಸರಿಲ್ಲದ ಕಾರಣ ಪರಿಹಾರವು ನೆಲದ ಒಡೆಯನ ಖಾತೆಗೆ ಹೋಗುತ್ತದೆ. ಗುತ್ತಿಗೆದಾರರಿಗೂ ವಿಮೆಯ ನಿಯಮಗಳಲ್ಲಿ ಅವಕಾಶವಿದ್ದರೂ, ಅದಕ್ಕೆ ಬರಹದ ಆಧಾರ ಬೇಕಾಗುತ್ತದೆ. ಬರೆದು ಕೊಟ್ಟರೆ ನೆಲವೇ ಕೈಬಿಟ್ಟೀತೆಂಬ ಹೆದರಿಕೆಯಿಂದ ಒಡೆಯರು ಬರೆದು ಕೊಡುವುದಿಲ್ಲ.

ನಷ್ಟಪಟ್ಟವನೊಬ್ಬ, ಪರಿಹಾರ ಪಡೆದವನೊಬ್ಬ ಆದರೆ ದಾಖಲೆಯು ಎಷ್ಟೇ ನಿರ್ದುಷ್ಟವಾಗಿದ್ದರೂ ನ್ಯಾಯವಾಗಲಿಲ್ಲ. ಇದನ್ನು ಗಣಕಯಂತ್ರವು ತಿದ್ದಲಾರದು. ಹಿಡುವಳಿದಾರರ ಧರ್ಮಬುದ್ಧಿಯೇ ತಿದ್ದಬೇಕು. ಹೊಲವನ್ನು ಕೋರಿಗೆ ಕೊಡುವಾಗಲೇ, ಪರಿಹಾರವೇನಾದರೂ ಬಂದರೆ ಖರ್ಚು ಹಾಕಿದವರ ಪಾಲೆಷ್ಟು ಎಂಬುದನ್ನು ಊರಿನ ಇಬ್ಬರು ಹಿರಿಯರ ಮುಂದೆ ಮಾತಾಡಿ ನಿಲ್ಲಿಸಿಕೊಳ್ಳುವುದು ಉಚಿತ. ಧಾನ್ಯದಲ್ಲಿ ಪಾಲು ಹಂಚಿಕೊಳ್ಳುವ ಪದ್ಧತಿಯು ಇರುವಲ್ಲಿ ಪರಿಹಾರದಲ್ಲಿ ಪಾಲು ಹಂಚಿಕೊಳ್ಳುವುದು ಹೊಸ ಧರ್ಮವೇನೂ ಆಗುವುದಿಲ್ಲ.

ಗ್ರಾಮದ ಯಜಮಾನರು ಮಾಡತಕ್ಕ ಕೆಲಸಗಳು

1. ಭರಣಿ ಮಳೆಗೆ ಮೊದಲು, ಅಂದರೆ ಬೇಸಿಗೆಯಲ್ಲಿಯೇ, ಊರಿನಲ್ಲಿ ಮೃತರ ಹೆಸರಿನಲ್ಲಿರುವ ಖಾತೆಗಳ ಪಟ್ಟಿಯನ್ನು ಮಾಡಿಕೊಂಡು, ವಾರಸುದಾರರನ್ನು ಒಟ್ಟು ಕೂರಿಸಿ, ಗ್ರಾಮ ಆಡಳಿತ ಅಧಿಕಾರಿಗಳ ಬಳಿಗೆ ಕಳುಹಿಸತಕ್ಕದ್ದು. ವಿಧವೆಯರ ಮತ್ತು ಹೆಣ್ಣುಮಕ್ಕಳ ಹಕ್ಕು ಇದರಲ್ಲಿ ಬಿಟ್ಟುಹೋಗದಂತೆ ನೋಡತಕ್ಕದ್ದು.

2. ಪ್ರತಿಯೊಬ್ಬರೂ ಪಹಣಿ, ಆಧಾರ್, ಬ್ಯಾಂಕು ಪುಸ್ತಕಗಳೊಡನೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಎಲ್ಲ ಸರ್ವೇ ನಂಬರುಗಳೂ ಎಫ್.ಐ.ಡಿ.ಗೆ ಸೇರಿವೆಯೇ ಎಂದು ನೋಡಿಸಿಕೊಳ್ಳತಕ್ಕದ್ದು.

3. ಕಂತು ಕಟ್ಟಿದ ರಶೀದಿಯನ್ನು ಪಡೆದು, ಅದರಲ್ಲಿ ಬೆಳೆ, ಸರ್ವೇ ನಂಬರು, ವಿಸ್ತೀರ್ಣಗಳನ್ನು ಓದಿಸಿ ಕೇಳಿ ಜೋಪಾನವಾಗಿಡತಕ್ಕದ್ದು.

4. ಸಮೀಕ್ಷೆಯ ಕಾಲದಲ್ಲಿ ಓದುಬರಹ ಬಲ್ಲ ಹುಡುಗರನ್ನು ಮುಂದೆ ಮಾಡಿ, ಫೋನು ಇಲ್ಲದವರ ಹಾಗೂ ವೃದ್ಧರ ಹೊಲಗಳ ದಾಖಲೆಯನ್ನು ಮಾಡಿಸತಕ್ಕದ್ದು. ‘ಬೆಳೆ ದರ್ಶಕ’ ಎಂಬ ಆ್ಯಪ್‌ನಲ್ಲಿ ದಾಖಲಾದ ಬೆಳೆಯನ್ನು ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸತಕ್ಕದ್ದು.

5. ಕಟಾವು ಪ್ರಯೋಗದ ದಿನ ಊರಿನ ಹಿರಿಯರು ಹಾಜರಿದ್ದು, ಗೊತ್ತಾದ ಸರ್ವೇ ನಂಬರಿನಲ್ಲಿಯೇ, ಗೊತ್ತಾದ ಅಳತೆಯಲ್ಲಿಯೇ ಪ್ರಯೋಗವು ನಡೆಯುವುದನ್ನೂ ತೂಕವು ಸರಿಯಾಗಿರುವುದನ್ನೂ ನೋಡತಕ್ಕದ್ದು.

6. ಆಲಿಕಲ್ಲು, ಪ್ರವಾಹ, ಅಕಾಲ ಮಳೆಗಳಿಂದ ಹಾನಿಯಾದರೆ 72 ಗಂಟೆಗಳೊಳಗೆ 14447 ಎಂಬ ಸಹಾಯವಾಣಿಗಾಗಲಿ, ಬ್ಯಾಂಕಿಗಾಗಲಿ, ಕೃಷಿ ಇಲಾಖೆಗಾಗಲಿ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು.

ಈ ಕೆಲಸಗಳಲ್ಲಿ ಯಾವುದಕ್ಕೂ ಹೆಚ್ಚು ಹಣ ಬೇಕಾಗಿಲ್ಲ. ಬೇಕಾದದ್ದು ಹೊತ್ತಿಗೆ ಸರಿಯಾಗಿ ಮಾಡುವ ಎಚ್ಚರ. ಕೆರೆಯ ಏರಿಯಲ್ಲಿ ಬಿಲ ಬಿದ್ದಿದೆಯೇ, ತೂಬು ಸರಿಯಾಗಿದೆಯೇ ಎಂದು ಮಳೆಗಾಲಕ್ಕೆ ಮೊದಲು ನೋಡಿ ಬರುವುದು ಊರಿನ ಹಿರಿಯರ ವಾಡಿಕೆಯಾಗಿತ್ತು. ಮಳೆ ಬಂದು ಏರಿ ಒಡೆದ ಮೇಲೆ ಮಣ್ಣು ಹೊರುವುದಕ್ಕಿಂತ ಅದು ಸುಲಭವಾಗಿತ್ತು. ಅದೇ ವಾಡಿಕೆಯನ್ನು ಪಹಣಿಗೂ ಎಫ್.ಐ.ಡಿ.ಗೂ ಸಮೀಕ್ಷೆಗೂ ವಿಸ್ತರಿಸಿ, ಬರುವ ಮುಂಗಾರಿಗೆ ಮೊದಲೇ ತಮ್ಮ ತಮ್ಮ ಊರುಗಳ ದಾಖಲೆಗಳನ್ನು ಯಜಮಾನರು ಒಮ್ಮೆ ಪರಿಶೀಲಿಸಿದರೆ, ಮಳೆ ಹೋದ ವರ್ಷದಲ್ಲಿಯೂ ರೈತರ ಕೈಯಲ್ಲಿ ಮುಂದಿನ ಬಿತ್ತನೆಗೆ ಬೀಜದ ಹಣವಾದರೂ ಉಳಿಯುವುದು.